ಬಲಗಾಲಿನ ಅಂಗೈ

ಜನವರಿ 13, ಸೋಮವಾರ

ನಿನ್ನೆ ಆರು ಸಾಲು. ಇವತ್ತು ಒಂದು ಪುಟ ಮಾಡಲೇಬೇಕು. ಎಡಗೈ ಅಕ್ಷರ ಇನ್ನೂ ಅಂಗನವಾಡಿ ಮಕ್ಕಳದ್ದರ ಹಾಗೆಯೇ ಇದೆ. ‘ಳ’ ಬರೆಯಲು ಹೋದರೆ ಬಾಲ ಕೆಳಗಿನ ಗೆರೆಗೆ ಇಳಿಯುತ್ತದೆ. ನಳಿನಾಕ್ಷಿ ಎಂದು ಹೆಸರಿಟ್ಟುಕೊಂಡ ಮೇಲೆ ‘ಳ’ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಫಿಸಿಯೋಥೆರಪಿಯ ಹುಡುಗಿ ಹೇಳಿದ್ದು — ದಿನಾ ಏನಾದರೂ ಬರೆಯಿರಿ, ಎಡಗೈ ಪಳಗಲಿ. ಹಾಗಾದರೆ ಬಲಗೈ ಮುಗಿಯಿತೇ ಎಂದು ಕೇಳಿದೆ. ಅವಳು ಫೈಲು ತೆರೆದು ನೋಡಿದಳು. ಸರಿ, ಬರೆಯುತ್ತೇನೆ. ಆದರೆ ಬಲಗೈಯನ್ನು ಬಿಟ್ಟುಕೊಡುವುದಿಲ್ಲ. ಇಪ್ಪತ್ತಾರು ವರ್ಷ ಕತ್ತರಿ ಹಿಡಿದ ಕೈ ಅದು.

ಹೊಲಿಗೆ ಅಂಗಡಿಯಲ್ಲಿ ಹೊಸ ಗಿರಾಕಿ. ಕೂತ ಕೂಡಲೇ, “ಕೈಗೆ ಎಂತ ಆಯ್ತು?” ದಿನಕ್ಕೆ ನಾಲ್ಕು ಸಲ ಇದೇ ಪ್ರಶ್ನೆ. ಒಂದು ಬೋರ್ಡು ಬರೆದು ತೂಗುಹಾಕಬೇಕು. ಅಕ್ಟೋಬರಿನಲ್ಲಿ ಇಸ್ತ್ರಿ ಪೆಟ್ಟಿಗೆ ಮೇಜಿನಿಂದ ಜಾರಿತು. ಕೆಳಗೆ ಸ್ಟೂಲಿನ ಮೇಲೆ ಮದುಮಗಳ ಬ್ಲೌಸ್, ಹದಿನೈದು ದಿನದ ಕೈಕೆಲಸ. ಯೋಚನೆಯೇ ಮಾಡಲಿಲ್ಲ, ಅಂಗೈ ಒಡ್ಡಿದೆ. ಬ್ಲೌಸ್ ಉಳಿಯಿತು.

ಆಗಲೇ ಆಸ್ಪತ್ರೆಗೆ ಹೋಗಿದ್ದರೆ ಕಥೆ ಬೇರೆ. ಮದುವೆ ಸೀಸನ್ ಅಲ್ಲವೇ. ತೆಂಗಿನೆಣ್ಣೆ ಹಚ್ಚಿ, ಮೇಲೆ ಸೀರೆಯ ಫಾಲ್ಸ್ ಬಟ್ಟೆ ಸುತ್ತಿ ಹನ್ನೊಂದು ದಿನ ಹೊಲಿದೆ. ಹನ್ನೆರಡನೇ ದಿನ ಗಾಯ ಕೊಳೆತ ವಾಸನೆ ಬಂತು. ಪೆದ್ದುತನ ನನ್ನದೇ, ಯಾರನ್ನೂ ದೂರುವುದಿಲ್ಲ.

ಜನವರಿ 20, ಸೋಮವಾರ

ಅತ್ತಾವರದ ಆಸ್ಪತ್ರೆಗೆ ಹೋಗಿ ಬಂದೆ. ಮೊದಲ ಆಪರೇಷನ್ನಿನಲ್ಲಿ ಅಂಗೈಗೆ ಹಾಕಿದ ತೊಡೆಯ ಚರ್ಮ ಮತ್ತೆ ಎರಡು ಕಡೆ ಒಡೆದಿದೆ. ಬೆರಳುಗಳು ಒಳಕ್ಕೆ ಮಡಚಿಕೊಂಡು ಕೂತಿವೆ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಮುಟ್ಟುವುದಿಲ್ಲ. ಮುಟ್ಟದಿದ್ದರೆ ಕತ್ತರಿ ಇಲ್ಲ.

ಡಾಕ್ಟರ್ ಜಾನೆಟ್ ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವುದಿಲ್ಲ. “ತೊಡೆಯ ಚರ್ಮ ತೆಳು ಅಮ್ಮ. ಅಂಗೈಯಲ್ಲಿ ಬಾಳುದಿಲ್ಲ ಅಂತ ನನಗೂ ಗೊತ್ತಿತ್ತು. ಆಗ ಕೈ ಉಳಿಸ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ.”

ಅಂಗೈಗೆ ಸರಿಯಾದ ಜೋಡಿ ಇಡೀ ಮೈಯಲ್ಲಿ ಒಂದೇ ಕಡೆ ಇದೆಯಂತೆ. ಪಾದದ ಅಡಿ. ಹಾಗಾದರೆ ತೆಗೆಯಿರಿ ಎಂದೆ. ಇಡೀ ಅಂಗೈಗೆ ಬೇಕಾದಷ್ಟು ಅಲ್ಲಿಂದ ತೆಗೆದರೆ ತಿಂಗಳುಗಟ್ಟಲೆ ಕಾಲು ಊರುವಂತಿಲ್ಲ, ಮಿಷನ್ ತುಳಿಯುವ ಮಾತೇ ಇಲ್ಲ. ಅದಕ್ಕೆ ಹೊಸ ದಾರಿ. ಉಗುರಿನಷ್ಟು ಚೂರು ಸಾಕು. ಚರ್ಮದ ಕೆಳ ಪದರದಲ್ಲಿ ಸ್ಟೆಮ್ ಸೆಲ್ ಎಂದು ಇರುತ್ತವಂತೆ. ನಾವು ಹುಟ್ಟಿದಂದಿನಿಂದ ಹೊಸ ಚರ್ಮ ಹುಟ್ಟಿಸುವುದೇ ಅವುಗಳ ಕೆಲಸ. ಅವನ್ನು ಬೇರೆ ಮಾಡಿ, ಲ್ಯಾಬಿನಲ್ಲಿ ಸಾಕಿ, ಮೂರು ವಾರದಲ್ಲಿ ಒಂದು ಹಾಳೆ ಬೆಳೆಸುತ್ತಾರೆ. ಚೂರು ಬಟ್ಟೆ ಕೊಟ್ಟರೆ ಇಡೀ ಥಾನು ನೇಯ್ದು ಕೊಟ್ಟ ಹಾಗೆ.

“ಎಲ್ಲಿ ಹೋದ್ರೂ ಅವಕ್ಕೆ ತಮ್ಮ ಊರು ನೆನಪಿರ್ತದೆ. ಪಾದದ್ದು ಪಾದದ ಹಾಗೆ ದಪ್ಪವೇ ಬೆಳೀತದೆ” ಎಂದರು ಡಾಕ್ಟರ್.

ಇದು ನನಗೆ ಥಟ್ಟನೆ ಅರ್ಥವಾಯಿತು. ತೆಳ್ಳನೆಯ ವಾಯಿಲ್ ಬಟ್ಟೆಯ ಮೇಲೆ ಕ್ಯಾನ್ವಾಸಿನ ಕೆಲಸ ಹೇರಿದರೆ ಹರಿಯದೆ ಏನಾಗುತ್ತದೆ.

“ಬಿಸಿ, ತಣ್ಣಗೆ ಗೊತ್ತಾಗ್ತದಾ ಡಾಕ್ಟ್ರೇ?”

“ನರ ಬದಿಯಿಂದ ಒಳಗೆ ಬೆಳೀಬೇಕು. ತಿಂಗಳುಗಳು ಹಿಡೀತದೆ. ಬರ್ಲಿಕ್ಕೂ ಸಾಕು, ಬಾರದೆ ಇರ್ಲಿಕ್ಕೂ ಸಾಕು. ಸುಳ್ಳು ಹೇಳುದಿಲ್ಲ ನಾನು.”

ಜನವರಿ 27, ಸೋಮವಾರ

ಆಸ್ಪತ್ರೆಯವರ ಈ ಹೊಸ ಚಿಕಿತ್ಸೆಯ ಅಧ್ಯಯನಕ್ಕೆ ನನ್ನನ್ನು ಸೇರಿಸಿಕೊಂಡಿದ್ದಾರೆ. ಒಂಬತ್ತು ಪುಟದ ಒಪ್ಪಿಗೆ ಪತ್ರ. ಕೌಂಟರಿನವನು ನನ್ನ ಬಲಗೈ ಬ್ಯಾಂಡೇಜು ನೋಡಿ, ನನ್ನ ಸೀರೆ ನೋಡಿ, ಇಂಕ್ ಪ್ಯಾಡ್ ಮುಂದೆ ತಳ್ಳಿದ. “ಹೆಬ್ಬೆಟ್ಟು ಒತ್ತಿ ಅಮ್ಮ.” ಪ್ಯಾಡನ್ನು ಅವನ ಕಡೆಗೇ ತಳ್ಳಿದೆ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ನಾನು. ಒಂಬತ್ತು ಪುಟ ಓದಿದೆ. ಒಂಬತ್ತು ಸಹಿ, ಎಡಗೈಯಲ್ಲಿ, ಎಲ್ಲ ‘ಳ’ಗಳೂ ಬಾಲದ ಸಮೇತ. ಹಿಂದೆ ಕ್ಯೂ ಬೆಳೆಯಿತು. ಬೆಳೆಯಲಿ.

ಯಾವ ಕಾಲಿನಿಂದ ತೆಗೆಯಲಿ ಎಂದು ಕೇಳಿದರು. ಯಾವುದಾದರೂ ಆಗುತ್ತದಂತೆ. ಬಲಗಾಲು ಎಂದೆ. ನಾನು ಪೆಡಲ್ ಶುರು ಮಾಡುವುದು ಬಲಗಾಲಿನಲ್ಲಿ. ಕೈಗೆ ಹೋಗುವುದಾದರೆ ಕೆಲಸ ಗೊತ್ತಿರುವುದೇ ಹೋಗಲಿ.

ಪಾದದ ಒಳಬದಿಯಲ್ಲಿ ಈಗ ಒಂದು ಪ್ಲಾಸ್ಟರು. ಅಷ್ಟೇ. ಕುಂಟುತ್ತ ಬಸ್ ಹತ್ತಿದೆ.

ಫೆಬ್ರವರಿ 2, ಭಾನುವಾರ

ಮಗಳು ಪ್ರಣೀತಾ ಲ್ಯಾಬಿನವರು ಕಳಿಸಿದ ಫೋಟೋ ತೋರಿಸಿದಳು. ತಟ್ಟೆಯ ತಳದಲ್ಲಿ ಏನೋ ಮಸುಕು. “ಅಮ್ಮ, ಇದು ನೀನು!” ಖುಷಿಯಲ್ಲಿ ಫ್ಯಾಮಿಲಿ ಗ್ರೂಪಿಗೂ ಹಾಕಿದಳು — ಅಮ್ಮನ ಪಾದದ ಕೋಶದಿಂದ ಹೊಸ ಅಂಗೈ. ಹೂವು, ಹೃದಯ, ಹೆಬ್ಬೆರಳುಗಳ ರಾಶಿ. ನೋಣಯ್ಯ ಭಾವನದ್ದು ಮಾತ್ರ ಏನೂ ಇಲ್ಲ. ನನ್ನ ಗಂಡನ ಅಣ್ಣ, ಕೊಟ್ಟಾರದ ಕುಟುಂಬದ ಮನೆಯ ಹಿರಿಯ, ಗುಡ್ ಮಾರ್ನಿಂಗ್‌ಗೂ ಉತ್ತರ ಕೊಡುವವರು. ಆಗಲೇ ನನಗೆ ಸಂಶಯ ಬಂತು.

ಮಧ್ಯಾಹ್ನ ಅವರದೇ ಫೋನು.

“ನಳಿನಿ, ಕಾಲಿಂದಾ?”

“ಹೌದು ಭಾವ.”

“ತೊಡೆಯದ್ದು ಆಗುದಿಲ್ವಾ?”

“ಹಾಕಿ ಒಡೆದು ಆಯ್ತಲ್ಲ.”

“ಕಾಲಿನ ಚರ್ಮದ ಕೈಯಲ್ಲಿ ಆಟಿಗೆ ಎಲೆಗೆ ಬಡಿಸುದು ಹೇಗೆ ಮಾರಾಯ್ತಿ?”

ನಮ್ಮಲ್ಲಿ ತೀರಿಹೋದವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವುದಿದೆ. ಆಮೇಲೆ ಬಾಗಿಲು ಮುಚ್ಚಿ ಹೊರಗೆ ಕಾಯುವುದು, ಅವರು ಬಂದು ಉಣ್ಣಲಿ ಎಂದು. ಬೇರೆ ಮನೆಯಲ್ಲಿ ಹೇಗೋ, ನಮ್ಮ ಅತ್ತೆ ಅನ್ನಕ್ಕೆ ಸೌಟು ಮುಟ್ಟಿಸುತ್ತಿರಲಿಲ್ಲ. ಬರಿಗೈಯಲ್ಲೇ ಬಡಿಸಬೇಕು. ಭಾವನಿಗೆ ಮದುವೆಯಾಗಿಲ್ಲ, ಹಾಗಾಗಿ ಅತ್ತೆಯ ನಂತರ ಆ ಕೆಲಸ ನನ್ನದು. ಮೂರು ವರ್ಷದಿಂದ ಸಾಲಿನ ಕೊನೆಯ ಎಲೆ ಇವರದ್ದು. ವರ್ಷಕ್ಕೊಂದು ಸಲ ನನ್ನ ಗಂಡನಿಗೆ ನಾನು ಅನ್ನ ಹಾಕುವ ದಿನ ಅದು.

“ಆಟಿಗೆ ಇನ್ನೂ ಆರು ತಿಂಗಳುಂಟು ಭಾವ. ಮೊದಲು ಕೈ ಬರ್ಲಿ” ಎಂದೆ. ಫೋನಿಟ್ಟ ಮೇಲೆ ಸಿಟ್ಟಿನಿಂದ ಕಿವಿ ಬಿಸಿಯಾಯಿತು.

ಫೆಬ್ರವರಿ 19, ಬುಧವಾರ, ಬೆಳಿಗ್ಗೆ 6.30

ಇನ್ನು ಒಂದು ಗಂಟೆಯಲ್ಲಿ ಥಿಯೇಟರ್. ಹಾಳೆ ಬಂದಿದೆಯಂತೆ, ಹಾಲಿನ ಕೆನೆಯಷ್ಟು ತೆಳು. ಹಳೆಯದನ್ನು ಕಿತ್ತು, ಬೆರಳು ಬಿಡಿಸಿ, ಅಡಿಗೆ ಒಂದು ಅಸ್ತರು ಕೊಟ್ಟು, ಅದರ ಮೇಲೆ ಇದನ್ನು ಕೂರಿಸುತ್ತಾರೆ. ಲೈನಿಂಗ್ ಇಲ್ಲದೆ ಯಾವುದೂ ನಿಲ್ಲುವುದಿಲ್ಲ, ನನಗೆ ಹೇಳಿಕೊಡಬೇಕಾಗಿಲ್ಲ. ಹೆದರಿಕೆ ಇದೆ. ಇಲ್ಲ ಎಂದು ಬರೆದರೆ ಯಾರು ನಂಬುತ್ತಾರೆ, ಓದುವವರೇ ಇಲ್ಲ.

ಫೆಬ್ರವರಿ 26, ಬುಧವಾರ

ಕಟ್ಟು ಬಿಚ್ಚಿದರು. ಒದ್ದೆ, ಗುಲಾಬಿ, ಅಲ್ಲಲ್ಲಿ ಬಿಳಿ. ಕಿರುಬೆರಳ ಬದಿಯಲ್ಲಿ ಒಂದು ರೂಪಾಯಿಯಷ್ಟು ಹಿಡಿದಿಲ್ಲ. ಉಳಿದದ್ದು ಹಿಡಿದಿದೆ. ಹಿಡಿದಿದೆ! ಡಾಕ್ಟರ್ ಜಾನೆಟ್ ನಗುತ್ತಿದ್ದರು. ನಾನು ಅತ್ತುಬಿಟ್ಟೆ. ಪ್ರಣೀತಾ ಫೋಟೋ ತೆಗೆಯಲು ಬಂದಳು, ಗದರಿಸಿದೆ.

ಏಪ್ರಿಲ್ 14, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ವ್ಯಾಯಾಮ, ಎಣ್ಣೆ, ಬಿಗಿ ಗ್ಲೌಸ್, ವ್ಯಾಯಾಮ. ದಿನಕ್ಕೆ ಐದು ಸಲ ಬೆರಳುಗಳನ್ನು ಎಳೆದು ಬಿಡಿಸುವುದು. ನೋವಿಗೆ ಹಲ್ಲು ಕಚ್ಚಿ ಕಚ್ಚಿ ದವಡೆ ಹಿಡಿದುಕೊಂಡಿದೆ.

ಇವತ್ತು ಬಿಸು, ನಮ್ಮ ಹೊಸ ವರ್ಷ. ಪಾಯಸ ಮಾಡಿದೆವು. ಬಿಸಿ ಚಾ ತುಂಬಿದ ಸ್ಟೀಲ್ ಲೋಟವನ್ನು ಬಲಗೈಯಲ್ಲಿ ಹಿಡಿದು ಕೂತೆ. ಎಡಗೈ ಮುಟ್ಟಿಸಿದರೆ ಚುರುಕ್ಕೆಂದಿತು. ಬಲಗೈಗೆ ಸುದ್ದಿಯೇ ಇಲ್ಲ. ಪ್ರಣೀತಾ ಲೋಟ ಕಿತ್ತುಕೊಂಡಳು. “ಮತ್ತೆ ಸುಟ್ಟುಕೊಳ್ತೀಯಾ?” ಸುಟ್ಟರೆ ಗೊತ್ತಾಗಬೇಕಲ್ಲ. ಕೈ ನನ್ನದೇ, ಆದರೆ ಯಾರದ್ದೋ ಗ್ಲೌಸ್ ಹಾಕಿಕೊಂಡ ಹಾಗಿದೆ. ಬಹಳ ಬೇಸರವಾಯಿತು ಇವತ್ತು. ಹಬ್ಬದ ದಿನ ಬರೆಯಬಾರದಿತ್ತು.

ಜೂನ್ 11, ಬುಧವಾರ

ಕತ್ತರಿ ಹಿಡಿದೆ!

ಮೊದಲು ಪೇಪರ್. ನಂತರ ಲೈನಿಂಗ್ ಬಟ್ಟೆ. ಸಬೀನಾ ಎಂಟು ವರ್ಷದಿಂದ ನನ್ನ ಜೊತೆ ಹೊಲಿಯುವವಳು, ಈ ಎಂಟು ತಿಂಗಳು ಅಂಗಡಿ ನಿಂತದ್ದೇ ಅವಳಿಂದ. ಅವಳ ಬಾಯಿ ತೆರೆದೇ ಇತ್ತು. “ಅಕ್ಕ, ನೋವಾಗುದಿಲ್ವಾ?” ನೋವೂ ಇಲ್ಲ, ಏನೂ ಇಲ್ಲ. ಕಣ್ಣಿನಿಂದ ನೋಡಿಕೊಂಡೇ ಹಿಡಿಯಬೇಕು. ಬ್ಲೌಸಿನ ಕುತ್ತಿಗೆಯ ತಿರುವಿನಲ್ಲಿ ಅರ್ಧ ಇಂಚು ತಪ್ಪಿತು. ಮುಂದಿನ ವಾರ ತಪ್ಪುವುದಿಲ್ಲ.

ಚರ್ಮ ದಪ್ಪವಾಗುತ್ತಿದೆ, ಕಿರುಬೆರಳ ಬದಿಯಲ್ಲಿ ಹಿಡಿಯದೆ ಉಳಿದ ಜಾಗವನ್ನೂ ಮುಚ್ಚಿದೆ. ಕತ್ತರಿಯ ಹಿಡಿ ಉಜ್ಜಿದರೂ ಒಡೆದಿಲ್ಲ. ಹೊಸ ಅಂಗೈ ಬೆವರುವುದಿಲ್ಲ. ಬೆವರಿನ ಗ್ರಂಥಿ ಲ್ಯಾಬಿನಲ್ಲಿ ಬೆಳೆಯುವುದಿಲ್ಲವಂತೆ. ರೇಷ್ಮೆಗೆ ಅದೇ ಒಳ್ಳೆಯದು, ಕಲೆ ಬೀಳುವುದಿಲ್ಲ. ರೇಖೆಗಳೂ ಇಲ್ಲ. ಜೋಯಿಸರಿಗೆ ತೋರಿಸಿದರೆ ತಲೆ ಕೆರೆದುಕೊಂಡಾರು.

ಜುಲೈ 17, ಗುರುವಾರ

ಆಟಿ ಶುರು. ಮಳೆ ಬಿಡದೆ ಹೊಡೆಯುತ್ತಿದೆ. ಭಾವ ಕೊಡೆ ಹಿಡಿದುಕೊಂಡು ಅಂಗಡಿಗೇ ಬಂದರು. ಇದುವರೆಗೆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಸ್ಟೂಲಿನ ತುದಿಯಲ್ಲಿ ಕೂತರು. ಮೈದುನ ಮುಖೇಶನ ಹೆಂಡತಿ ಸಂಚಿತಾ ಈ ಸಲ ಬಡಿಸಲಿ ಎಂದರು. ಎಲೆ ಬಡಿಸುವುದು ಆಗಸ್ಟ್ ಮೂರನೇ ತಾರೀಕು, ಭಾನುವಾರ.

“ನನ್ನ ಕೈ ಸರಿ ಉಂಟಲ್ಲ ಭಾವ.”

“ಸರಿ ಉಂಟು. ಚರ್ಮ ಎಲ್ಲಿದು ಅಂತ ಎಲ್ರಿಗೂ ಗೊತ್ತಾಯ್ತಲ್ಲ, ಅದು ಕಷ್ಟ.” ಸಬೀನಾ ಮಿಷನ್ ನಿಲ್ಲಿಸಿದ್ದಳು. ಭಾವ ಸ್ವರ ತಗ್ಗಿಸಿದರು. “ಒಂದು ಕೆಲ್ಸ ಮಾಡು. ತೊಡೆಯದ್ದೇ ತೆಗ್ದದ್ದು, ಮಗಳಿಗೆ ತಪ್ಪಿ ಹೋಯ್ತು ಅಂತ ಗ್ರೂಪಲ್ಲಿ ಹಾಕು. ನಾನು ಮತ್ತೆ ಕೇಳುದಿಲ್ಲ. ನೀನೇ ಬಡಿಸು.”

ಪಾಪ, ಅವರ ಲೆಕ್ಕದಲ್ಲಿ ಅದು ಉಪಕಾರ. ಹಿರಿಯರಿಗೆ ಅಪಚಾರವಾದರೆ ಮನೆಗೆ ತೊಂದರೆ ಎಂದು ನಿಜವಾಗಿ ಹೆದರಿದ್ದಾರೆ. ಒಂದು ಸಾಲು ಟೈಪ್ ಮಾಡಿದರೆ ಎಲ್ಲ ಸರಿ. ಅದಕ್ಕೇ ಮೈ ಉರಿಯಿತು.

“ಸುಳ್ಳು ಹೇಳಿ ಬಡಿಸಿದ್ರೆ ಅವರಿಗೆ ಗೊತ್ತಾಗುದಿಲ್ವಾ ಭಾವ? ಮುಚ್ಚಿದ ಬಾಗಿಲ ಒಳಗೆ ಬರ್ಲಿಕ್ಕೆ ಗೊತ್ತುಂಟು, ಇದು ಗೊತ್ತಾಗುದಿಲ್ವಾ?”

ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಕೊಡೆ ಮರೆತರು. ಹೊರಗೆ ಸೋನೆ ಅಲ್ಲ, ಜಡಿಮಳೆ. ಸಬೀನಾ ಕೊಡೆ ಹಿಡಿದುಕೊಂಡು ಹಿಂದೆಯೇ ಓಡಿದಳು.

ಜುಲೈ 24, ಗುರುವಾರ

ಆಟಿ ಅಮಾವಾಸ್ಯೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಆ ಕಹಿ ಬಾಯಲ್ಲಿರುವಾಗಲೇ ಪ್ರಣೀತಾಳ ಜೊತೆ ಜಗಳ.

“ಹೇಳಿಬಿಡು ಅಮ್ಮ, ತೊಡೆಯದ್ದು ಅಂತ. ತಪ್ಪು ನಂದೇ, ನಾನು ಹಾಕ್ಬಾರ್ದಿತ್ತು. ಅಪ್ಪನಿಗೆ ಬಡಿಸ್ಲಿಕ್ಕೆ ಸಿಗುದು ಮುಖ್ಯವಾ, ಇದು ಮುಖ್ಯವಾ?”

ಒಳ್ಳೆಯ ಪ್ರಶ್ನೆ. ಇಡೀ ದಿನ ಹೊಲಿಯುತ್ತ ಅದನ್ನೇ ಯೋಚಿಸಿದೆ. ಸಂಚಿತಾ ಬಡಿಸಿದರೆ ನಾನು ಹಿಂದೆ ಗೋಡೆಗೆ ಒರಗಿ ನಿಲ್ಲಬೇಕು. ಅದು ನನ್ನಿಂದ ಆಗದು. ಸುಳ್ಳು ಹೇಳಿದರೆ ಮುಂದೆ ನಿಲ್ಲಬಹುದು, ಆದರೆ ಕಾಲನ್ನು ಅಡಗಿಸಿ. ಯಾಕೆ ಅಡಗಿಸಲಿ? ಪೆಡಲ್ ತುಳಿದು ತುಳಿದು ಗಂಟು ಕಟ್ಟಿದ ಕಾಲು. ಮೋಟಾರು ಹಾಕಿಸಿ ಎಂದು ಎಲ್ಲರೂ ಹೇಳಿದ್ದಾರೆ. ಕಾಲಿನ ಹದ ಮೋಟಾರಿಗೆ ಬರುವುದಿಲ್ಲ. ಕೊಟ್ಟಾರದ ಮನೆಯ ಗ್ರೈಂಡರಿನಿಂದ ಹಿಡಿದು ಇವರ ಕೊನೆಯ ಔಷಧದವರೆಗೆ ಬಂದದ್ದು ಈ ಕಾಲಿನ ದುಡಿಮೆಯಿಂದ. ಆಗ ಯಾರೂ ‘ಇದು ಕಾಲಿನದ್ದಾ’ ಎಂದು ಕೇಳಲಿಲ್ಲ.

ಎರಡೂ ಮುಖ್ಯ ಮಗಳೇ. ಎರಡನ್ನೂ ಬಿಡುವುದಿಲ್ಲ.

ಆಗಸ್ಟ್ 3, ಭಾನುವಾರ, ಸಂಜೆ

ಬರೆಯುತ್ತಿರುವುದು ಇನ್ನೂ ಅದೇ ಕೈ. ಎಡಗೈ.

ಬೆಳಿಗ್ಗೆ ಏಳು ಗಂಟೆಗೇ ಕೊಟ್ಟಾರಕ್ಕೆ ಹೋದೆವು. ಯಾರೂ ಕರೆದಿರಲಿಲ್ಲ, ಬರಬೇಡಿ ಎಂದೂ ಹೇಳಿರಲಿಲ್ಲ. ಭಾವ ಮುಖ ಕೊಡಲಿಲ್ಲ. ಅಡುಗೆಗೆ ನಾನು, ಸಂಚಿತಾ. ಮಳೆಗಾಲದ ನಿಷೇಧ ಮುಗಿದು ಬೋಟುಗಳು ಮೊನ್ನೆಯಷ್ಟೇ ಕಡಲಿಗೆ ಇಳಿದದ್ದು, ಮುಖೇಶ್ ತಾಜಾ ಬಂಗುಡೆ ಮೀನು ತಂದಿದ್ದ. ಇವರಿಗೆ ಇಷ್ಟವಾದ ಹಾಗೆ ಹುಳಿ ಮುಂದೆ ಮಾಡಿ ಪುಳಿಮುಂಚಿ ಸಾರು. ಕೋಳಿ ಬೇರೆ.

ಚಾವಡಿಯಲ್ಲಿ ಐದು ಎಲೆ. ಭಾವ ದೀಪ ಹಚ್ಚಿದರು. “ಸಂಚಿತಾ, ಅನ್ನ ತಕೊಂಡು ಬಾ” ಎಂದರು. ಸಂಚಿತಾ ಪಾತ್ರೆ ತಂದಳು. ತಂದು, ಎಲೆಯ ಹತ್ತಿರ ಅಲ್ಲ, ನನ್ನ ಮುಂದೆ ಇಟ್ಟಳು. “ಅಕ್ಕ ಇರುವಾಗ ನನ್ನಿಂದ ಆಗುದಿಲ್ಲ” ಎಂದು ಹೇಳಿ ಹೊಸ್ತಿಲಾಚೆ ನಿಂತಳು. ಅಷ್ಟು ಧೈರ್ಯದವಳು ಎಂದು ನನಗೆ ಗೊತ್ತಿರಲಿಲ್ಲ.

ಗ್ಲೌಸ್ ತೆಗೆದೆ. ಎಲ್ಲರಿಗೂ ಕಾಣುವ ಹಾಗೆ ಅಂಗೈ ಎತ್ತಿದೆ. ಎಲೆಗಳ ಕಡೆ ತಿರುಗಿ ಹೇಳಿದೆ. ತುಳುವಿನಲ್ಲಿ ಹೇಳಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. “ಇದು ಕಾಲಿನ ಚರ್ಮ. ಬಲಗಾಲಿನದ್ದು. ಅತ್ತೆ, ನಿಮ್ಮ ಕಣ್ಣಿನ ಆಪರೇಷನ್ ಆದದ್ದು ಈ ಕಾಲು ತುಳಿದು. ಇವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಕರೆದುಕೊಂಡು ಹೋದದ್ದೂ ಈ ಕಾಲೇ. ಅಡಗಿಸಿ ಬಡಿಸುವುದಿಲ್ಲ. ಬೇಡದವರು ಏಳಿ. ಬೇಕಾದವರು ಉಣ್ಣಿ.”

ಭಾವ ದೀಪವನ್ನೇ ನೋಡುತ್ತಿದ್ದರು.

ಮಾವನ ಎಲೆ. ಅತ್ತೆಯ ಎಲೆ. ಅಜ್ಜ, ಅಜ್ಜಿ. ಒಂದೊಂದು ಹಿಡಿ ಕುಚ್ಚಲಕ್ಕಿ ಅನ್ನ, ಕಣ್ಣಿಟ್ಟು ಹಿಡಿದು, ಕಣ್ಣಿಟ್ಟು ಬಿಟ್ಟು. ಕೊನೆಯದಕ್ಕೆ ಪಾತ್ರೆಯ ತಳಕ್ಕೆ ಕೈ ಹಾಕಿದೆ. ಹಬೆಯಾಡುವ ಅನ್ನ. ಇವರ ಎಲೆಯ ಮೇಲೆ ಕೈ ತಂದಾಗ ಕಣ್ಣು ಮಂಜಾಯಿತು, ಕೈ ಕಾಣಲಿಲ್ಲ —

ಸುಟ್ಟಿತು.

ಕಿರುಬೆರಳ ಬುಡದಲ್ಲಿ, ಅಂಗೈಯ ಅಂಚಿನಲ್ಲಿ. ಚುರ್ ಎಂದು. ಅಯ್ಯಮ್ಮಾ ಎಂದು ಕೂಗಿಬಿಟ್ಟೆ. ಆದರೆ ಕೈ ಕೊಡವಲಿಲ್ಲ. ಒಂದು ಅಗುಳೂ ಹೊರಗೆ ಬೀಳಲಿಲ್ಲ. ಇವರ ಎಲೆಗೆ ನಿಧಾನವಾಗಿ ಹಾಕಿ, ಮೀನು ಬಡಿಸಿ, ಎದ್ದೆ.

ಬಾಗಿಲು ಮುಚ್ಚಿದರು. ಜಗಲಿಯಲ್ಲಿ ಎಲ್ಲರೂ ಕಾದೆವು. ಹೈವೇಯ ಲಾರಿಗಳ ಸದ್ದು, ಮಾಡಿನ ಶೀಟಿನ ಮೇಲೆ ಮಳೆ. ನನಗೆ ಅಳು, ನಗು ಎರಡೂ. ಭಾವ ಹತ್ತಿರ ಬಂದರು.

“ಎಂತಕ್ಕೆ ಬೊಬ್ಬೆ ಹಾಕಿದ್ದು?”

“ಬಿಸಿ ತಾಗಿತು ಭಾವ.”

“ಎಲ್ಲಿಗೆ?”

“ಇಲ್ಲಿಗೆ.” ಅಂಗೈ ತೋರಿಸಿದೆ. ಆರು ತಿಂಗಳಲ್ಲಿ ಮೊದಲ ಸಲ ಅವರು ಅದನ್ನು ಸರಿಯಾಗಿ ನೋಡಿದರು. ಬೆರಳು ಮುಂದೆ ತಂದು, ಮುಟ್ಟದೆ, ಹಿಂದೆಗೆದುಕೊಂಡರು.

ಬಾಗಿಲು ತಟ್ಟಿ ತೆರೆದು, ಆಮೇಲೆ ನಮ್ಮ ಊಟ. ಎಲ್ಲರಿಗೂ ನಾನೇ ಬಡಿಸಿದೆ. ಭಾವನ ಎಲೆಯ ಮುಂದೆ ಒಂದು ಕ್ಷಣ ನಿಂತೆ. ಅವರು ತಲೆ ಎತ್ತಲಿಲ್ಲ, ಎಲೆಯನ್ನೂ ಸರಿಸಲಿಲ್ಲ. ಹಾಕಿದೆ. ಎರಡನೇ ಸುತ್ತಿಗೆ ಹೋದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಸಾಕು ಎಂದೋ ಬೇಡ ಎಂದೋ ನಾನು ಕೇಳಲಿಲ್ಲ. ಮೊದಲು ಹಾಕಿದ್ದನ್ನು ಮಾತ್ರ ಒಂದು ಅಗುಳು ಬಿಡದೆ ಉಂಡಿದ್ದರು.

ಆಗಸ್ಟ್ 4, ಸೋಮವಾರ, ಅಂಗಡಿ

ಇದು ಬಲಗೈ.

ಅಕ್ಷರ ಎಡಗೈಯದ್ದಕ್ಕಿಂತ ಕೆಟ್ಟದಾಗಿದೆ. ಪೆನ್ನು ಎರಡು ಸಲ ಜಾರಿತು. ‘ಳ’ ಮತ್ತೆ ಮೊದಲಿನಿಂದ ಕಲಿಯಬೇಕು. ಕಲಿಯುತ್ತೇನೆ.

ಬೆಳಿಗ್ಗೆ ಡಾಕ್ಟರ್ ಜಾನೆಟ್‌ಗೆ ಫೋನು ಮಾಡಿ ಸುಟ್ಟಿತು ಎಂದೆ. ಗಾಬರಿಯಾದರು. ಸುಟ್ಟದ್ದು ಗೊತ್ತಾಯಿತು ಡಾಕ್ಟ್ರೇ ಎಂದು ಬಿಡಿಸಿ ಹೇಳಿದೆ. ಎಲ್ಲಿ, ಯಾವ ಜಾಗ ಎಂದು ಎರಡು ಸಲ ಕೇಳಿದರು. “ಅಂಚಿಗೆ ನರ ಬಂದಿದೆ ಅಂದ್ರೆ ಒಳಗೂ ಬಂದೀತು” ಎಂದರು. ನಡು ಅಂಗೈ ಇನ್ನೂ ಮಂಕು. ಬರಲಿ, ನಿಧಾನಕ್ಕೆ ಬರಲಿ, ನಾನು ಎಲ್ಲಿಗೂ ಹೋಗುವುದಿಲ್ಲ.

ಸಬೀನಾ ಇಸ್ತ್ರಿ ಪೆಟ್ಟಿಗೆ ಕಾಯಲು ಇಟ್ಟಿದ್ದಾಳೆ. ಅಕ್ಟೋಬರಿನಿಂದ ನನ್ನನ್ನು ಅದರ ಹತ್ತಿರ ಬಿಟ್ಟವಳಲ್ಲ. ಮೇಜಿನ ಮೇಲೆ ಸೆಪ್ಟೆಂಬರಿನ ಮದುಮಗಳ ಬ್ಲೌಸ್, ಹಸಿರು, ಝರಿ ಅಂಚು. ನಾನು ಹಾಕ್ತೇನೆ, ದೂರ ಕೂತ್ಕೊಳ್ಳಿ ಅಕ್ಕ ಎನ್ನುತ್ತಿದ್ದಾಳೆ. ಇಲ್ಲ. ಇದಕ್ಕೆ ಇಸ್ತ್ರಿ ನಾನೇ ಹಾಕುವುದು, ಅದೂ ಈ ಬಲಗೈಯಲ್ಲೇ. ಪೆನ್ನು ಇಡುತ್ತೇನೆ, ಪೆಟ್ಟಿಗೆ ಕಾದಿದೆ.